ಕಡಲಿಗೆ ಇಳಿದ ಅಂಗಳ

ನಮ್ಮ ಊರಿನಲ್ಲಿ ದಾರಿಯಲ್ಲಿ ಸಿಕ್ಕವರು ಊಟ ಆಯಿತೇ ಎಂದು ಕೇಳುವುದಿಲ್ಲ, ಮನೆ ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಮೋಡದ ಬುಡದಲ್ಲಿದೆ ಎಂದರೆ ಚಳಿ ಹೇಗಿದೆ ಎಂದು ಮಾತು ಮುಂದುವರಿಯುತ್ತದೆ. ಕಿತ್ತಳೆಯ ಮಟ್ಟಕ್ಕೆ ಬಂತು ಎಂದರೆ ಪುಣ್ಯವಂತರು ಎನ್ನುತ್ತಾರೆ. ಬಾಳೆಯ ಮಟ್ಟ ಎಂದರೆ ಸುಮ್ಮನೆ ತಲೆಯಾಡಿಸುತ್ತಾರೆ. ತೆಂಗಿನ ಮಟ್ಟವನ್ನೂ ದಾಟಿತು ಎಂದರೆ ಮುಂದೇನೂ ಕೇಳದೆ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಏನೋ ಒಂದು ನೆವ ಹೇಳಿ ಜಾಗ ಖಾಲಿ ಮಾಡುತ್ತಾರೆ. ನಮ್ಮ ಮನೆ ತೆಂಗನ್ನು ದಾಟಿ ಮರಳಿಗೆ ಬಂದು ನಿಂತಿತ್ತು. ಹಿತ್ತಲ ಬಾಗಿಲಲ್ಲಿ ನಿಂತು ಉಗುಳಿದರೆ ಕಡಲಿಗೆ ಬೀಳುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಹೇಳುವುದಷ್ಟೇ ಅಲ್ಲ, ಎಲೆಯಡಿಕೆ ಜಗಿದು ಉಗುಳಿಯೂ ತೋರಿಸುತ್ತಿದ್ದರು.

ಗುಡ್ಡದ ನೆಲ ಕಡಲಿಗೆ ನಡೆಯುತ್ತದೆ, ಅಷ್ಟೆ. ಮಳೆಗಾಲದಲ್ಲಿ ಚುರುಕಾಗಿ, ಬೇಸಿಗೆಯಲ್ಲಿ ಮೈಗಳ್ಳನ ಹಾಗೆ. ಮನೆ, ಅಂಗಳ, ಹಟ್ಟಿ, ಬೇಲಿ, ಬೇಲಿಯಾಚೆಯ ನೆರೆಮನೆ, ನೆರೆಮನೆಯವರ ಜೊತೆಗಿನ ಜಗಳ, ಎಲ್ಲವೂ ಒಟ್ಟಿಗೇ ಇಳಿಯುತ್ತವೆ. ಮೋಡದ ಬುಡದಲ್ಲಿ ಹುಟ್ಟಿದ ಹೆಣ್ಣುಮಗು ಅದೇ ಕೇರಿಯಲ್ಲಿ ಉಳಿದರೆ ಕಡಲ ಬದಿಗೆ ಬರುವಷ್ಟರಲ್ಲಿ ಮುದುಕಿಯಾಗಿರುತ್ತಾಳೆ. ಕಷ್ಟ ಕೊಡುವುದು ಬಾವಿ ಮಾತ್ರ. ಬಾವಿ ನಮ್ಮೊಟ್ಟಿಗೆ ಬರುತ್ತದೆ, ಅದರ ಒರತೆ ಬರುವುದಿಲ್ಲ. ಆಗ ಇನ್ನೊಂದು ತೋಡಬೇಕು, ಹಳೆಯದಕ್ಕೆ ಸೌತೆಬಳ್ಳಿ ಬಿಡಬೇಕು. ಬಾಗಿಲುಗಳು ಮಳೆಗಾಲ ಮುಗಿಯುವಾಗ ದಾರಂದಕ್ಕೆ ಕಚ್ಚಿಕೊಂಡಿರುತ್ತವೆ, ಬಡಗಿಯನ್ನು ಕರೆಸಿ ಕೆತ್ತಿಸಬೇಕು. ನಡುಮಟ್ಟದ ಸಂತೆಯಲ್ಲಿ ಮೇಲಿನವರು ಕಂಬಳಿ ಹೊದ್ದು ಬೆವರುತ್ತಾರೆ, ಕೆಳಗಿನವರು ಬರಿಮೈಯಲ್ಲಿ ನಡುಗುತ್ತಾರೆ, ಒಬ್ಬರನ್ನು ನೋಡಿ ಇನ್ನೊಬ್ಬರು ನಗುತ್ತಾರೆ. ಬೇರೆ ದ್ವೀಪಗಳಿಂದ ಬರುವ ವ್ಯಾಪಾರಿಗಳು, ಹೀಗೆ ಇಳಿಯುತ್ತಲೇ ಇದ್ದರೆ ಗುಡ್ಡ ಒಂದು ದಿನ ಮುಗಿದುಹೋಗುವುದಿಲ್ಲವೇ ಎಂದು ಕೇಳುವುದುಂಟು. ಮುಗಿಯುವುದಾಗಿದ್ದರೆ ನಮ್ಮ ಅಜ್ಜಿಯ ಕಾಲದಲ್ಲೇ ಮುಗಿಯಬೇಕಿತ್ತು. ಅದು ಹೇಗಿತ್ತೋ ಹಾಗೇ ಇದೆ, ತಲೆಗೆ ಮೋಡ ಸುತ್ತಿಕೊಂಡು.

ಮನೆಗೆ ನೀರು ಮುಟ್ಟಿದ ಮೇಲೆ ಆ ಸಂಸಾರ ಒಲೆಯ ಕೆಂಡವನ್ನು ಮಡಕೆಯಲ್ಲಿ ತುಂಬಿಕೊಂಡು ಗುಡ್ಡ ಹತ್ತಬೇಕು. ಮೇಲೆ ಮೋಡದೊಳಗೆ ಹೊಸ ನೆಲ ಸಿಗುತ್ತದೆ. ಅಲ್ಲಿ ಬೆಂಕಿ ಇಟ್ಟರೆ ಅದು ನಮ್ಮದು. ಮಡಕೆ ಹೊರುವುದು ಮನೆಯ ಸೊಸೆ. ಕೆಳಗಿನ ಮನೆಯ ಮಾಡು ಬಿಚ್ಚಿ, ಬಾಗಿಲುಗಳನ್ನು ತೆರೆದಿಟ್ಟು ಬರುತ್ತಾರೆ, ಕಡಲು ಒಳಗೆ ಬರುವಾಗ ತಡೆಯಾಗಬಾರದೆಂದು. ಎಲ್ಲರ ಮನೆಯಲ್ಲೂ ನಡೆಯುವುದೇ ಇದು. ನನ್ನ ಮನೆಗೆ ಆ ದಿನ ಬಂದಾಗ ನಾನು ಬರುವುದಿಲ್ಲ ಎಂದೆ.

ಯಾಕೆ ಎಂದು ಹೇಳುತ್ತೇನೆ. ನಾನು, ನಾಗವೇಣಿ, ಮದುವೆಯಾಗಿ ಈ ಮನೆಗೆ ಬಂದಾಗ ಅದು ಕಿತ್ತಳೆಯ ಮಟ್ಟದಲ್ಲಿತ್ತು. ಮೊದಲ ಮಗಳು ಕುಸುಮ ಅಲ್ಲಿ ಹುಟ್ಟಿದಳು. ಹಲ್ಲು ಮೂಡುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಅಂಗಳದ ಮೂಲೆಯಲ್ಲಿ ಮಣ್ಣು ಮಾಡಿ ಮೇಲೊಂದು ಕಿತ್ತಳೆ ಗಿಡ ನೆಟ್ಟೆ. ಅದು ಹಣ್ಣು ಕೊಟ್ಟಿತು; ಆ ಹಣ್ಣನ್ನು ಬಿಡಿಸಿ ಬಾಯಿಗಿಟ್ಟ ದಿನ ನಾನು ಅತ್ತದ್ದನ್ನು ಇಡೀ ಕೇರಿ ಕೇಳಿದೆ. ಮನೆ ಕೆಳಗಿಳಿದ ಹಾಗೆ ಹಣ್ಣು ಸಪ್ಪೆಯಾಯಿತು, ಎಲೆ ಮುದುಡಿತು, ಸೆಕೆ ತಾಳದೆ ಗಿಡ ಒಣಗಿತು. ಬಾಳೆ ನೆಟ್ಟೆ. ಉಪ್ಪುಗಾಳಿ ಬೀಸತೊಡಗಿದ ಮೇಲೆ ಬಾಳೆಯೂ ಹೋಯಿತು, ತೆಂಗು ನೆಟ್ಟೆ. ಆಮೇಲೆ ಗಂಡುಮಕ್ಕಳಿಬ್ಬರು ಹುಟ್ಟಿದರು, ಬೆಳೆದರು, ಕಾಫಿಯ ಮಟ್ಟದಲ್ಲಿ ಹೆಂಡತಿಯರ ಕೇರಿಯಲ್ಲಿ ಸಂಸಾರ ಹೂಡಿದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಇಳಿದ ದಾರಿಯುದ್ದಕ್ಕೂ ನನ್ನ ಬಗಲಿಗಿದ್ದದ್ದು ಮೂಲೆಯ ಆ ಕೂಸು. ದಿನಾ ಬೆಳಿಗ್ಗೆ ಅವಳಿಗೊಂದು ಚೊಂಬು ನೀರು ಹೊಯ್ದೇ ನಾನು ಬಾಯಿ ತೊಳೆಯುತ್ತಿದ್ದದ್ದು.

ಹಿಂದಿನ ಮಳೆಗಾಲದಲ್ಲಿ ನಮ್ಮ ಮುಂದಿನ ಮನೆ, ಬೀರಣ್ಣನದು, ನೀರಿಗಿಳಿಯಿತು. ಕಡಲು ತಿಳಿಯಾದ ಮೇಲೆ ನನ್ನ ಗಂಡ ಹಮ್ಮಣ್ಣ ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸಿದರು. ಅಬ್ಬಾ, ಆ ನೀರು. ಕನ್ನಡಿಯಂತಲೂ ಹೇಳಲಾರೆ, ಕನ್ನಡಿಯಲ್ಲಿ ನಮ್ಮ ಮುಖ ಅಡ್ಡ ಬರುತ್ತದೆ. ಕೆಳಗೆ ನಮ್ಮ ಕೇರಿಯೇ ಮುಂದುವರಿದಿತ್ತು. ಬೀರಣ್ಣನ ಮನೆ, ಅದರ ಕೆಳಗೆ ಅವರಿಗಿಂತ ಮೊದಲು ಹೋದವರದು, ಅದರ ಕೆಳಗೆ ನಮಗೆ ಹೆಸರು ಗೊತ್ತಿಲ್ಲದವರದು, ಗೋಡೆಗಳಿಗೆಲ್ಲ ಹವಳ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ನೀಲಿಯೊಳಗೆ ಇಳಿದು ಹೋಗಿದ್ದವು. ಬೀರಣ್ಣನ ತೆರೆದ ಬಾಗಿಲಲ್ಲಿ ಮೀನುಗಳು ನೆಂಟರ ಹಾಗೆ ಹೋಗಿ ಬಂದು ಮಾಡುತ್ತಿದ್ದವು. ಎಷ್ಟು ಚಂದ ಅಲ್ವಾ ಎಂದರು ಇವರು. ಚಂದವೇ, ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಕಣ್ಣು ಆ ಮೆಟ್ಟಿಲುಗಳ ಕೊನೆಗೆ, ಬೆಳಕು ಮುಟ್ಟದ ಕಡೆಗೆ ಹೋಯಿತು. ನನ್ನ ಕೂಸು ಒಬ್ಬಳೇ ಅತ್ತ ನಡೆಯಬೇಕಲ್ಲ. ಬೆಳಿಗ್ಗೆ ನೀರು ಹೊಯ್ಯುವವರು ಯಾರು ಅವಳಿಗೆ?

ಈ ಸಲದ ಮಳೆ ನಿಂತಾಗ ಕಡಲು ಉಬ್ಬುವ ಹೊತ್ತಿನ ಭರತದ ನೀರು ತೆಂಗಿನ ಬುಡಕ್ಕೆ ಬಂತು. ಹಮ್ಮಣ್ಣ ಮಾಡು ಬಿಚ್ಚಿಸಿದರು, ಗಂಟು ಕಟ್ಟತೊಡಗಿದರು. ನೀವು ಹೋಗಿ, ನಾನು ಮರದ ಬುಡದಲ್ಲಿ ಇರುತ್ತೇನೆ, ನೀರು ಬಂದಷ್ಟು ಬರಲಿ ಎಂದೆ. ಅವರು ಮೃದು ಮನುಷ್ಯ. ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದರು. ಬುದ್ಧಿ ಹೇಳಲು ಬಂದ ಕೇರಿಯವರಿಗೆ ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆಯುವುದು ಬೇಡ. ನನ್ನ ಬಾಯಿಗೆ ಹೆದರುವವರು ಕೇರಿಯಲ್ಲಿ ಮೊದಲೇ ಇದ್ದರು, ಆ ವಾರ ಇನ್ನಷ್ಟು ಜನ ಸೇರಿಕೊಂಡರು.

ಹೆದರದವರು ಒಬ್ಬರೇ, ನಮ್ಮ ಅತ್ತೆ ಮಾಸ್ತಮ್ಮ. ಅವರಿಗೂ ನನಗೂ ಎಣ್ಣೆ ಸೀಗೆಕಾಯಿ. ನಾನು ಹುಳಿ ಹಾಕಿದರೆ ಅವರಿಗೆ ಉಪ್ಪು ಕಡಿಮೆ, ಉಪ್ಪು ಹಾಕಿದರೆ ಹುಳಿ ಹೆಚ್ಚು. ಸೊಂಟ ಬಿದ್ದು ಅವರಿಗೆ ನಡೆಯಲಾಗುತ್ತಿರಲಿಲ್ಲ. ಮೇಲಿನ ಚಳಿ ಆ ಜೀವಕ್ಕೆ ಆಗದು, ತೆಂಗಿನ ಮಟ್ಟದಲ್ಲೇ ಅವರ ತಂಗಿಯ ಮಗಳ ಮನೆಯಲ್ಲಿ ಬಿಡುವುದು ಎಂದು ಮಾತಾಗಿತ್ತು. ಅವರು ಎಲೆಯಡಿಕೆ ಕುಟ್ಟುತ್ತಾ ಕೂತಿದ್ದವರು ಕಲ್ಲು ಕೆಳಗಿಟ್ಟು ಮಗನನ್ನು ಕರೆದರು.

"ನಾಗಿ ಬೆಂಕಿ ಹೊತ್ರೆ ನಾನೂ ಹತ್ತುದು. ಅವಳು ಇಲ್ಲಿ ಕೂತ್ರೆ ನಾನೂ ಇಲ್ಲೇ. ಇಬ್ರೂ ಸೇರಿ ಮೀನಿಗೆ ಬಡಿಸ್ತಾ ಇರ್ತೇವೆ, ನೀನು ಹೋಗು."

ಇದು ಕಟ್ಟಿಹಾಕುವ ಉಪಾಯ ಎಂದು ನನಗೆ ಗೊತ್ತಾಗದೆ ಇರಲಿಲ್ಲ. ಮುದುಕಿ ಹೇಳಿದಂತೆ ಮಾಡುವವರೇ, ನೀರು ಕುತ್ತಿಗೆಗೆ ಬಂದರೂ ಏಳುವವರಲ್ಲ. ಸಿಟ್ಟಿನಿಂದ ನನ್ನ ಮೈ ಉರಿಯಿತು. ಕೊನೆಗೆ ಇಬ್ಬರ ಎದುರಿಗೇ ಹೇಳಿದೆ, ಬೆಂಕಿ ಹೊರುತ್ತೇನೆ, ಮೇಲೆ ಇಡುತ್ತೇನೆ, ಮರುದಿನ ಬೆಳಿಗ್ಗೆ ಒಬ್ಬಳೇ ಇಳಿದು ಬರುತ್ತೇನೆ, ಆಗ ಯಾರೂ ನನ್ನನ್ನು ತಡೆಯಬಾರದು. ಹಮ್ಮಣ್ಣ ತಾಯಿಯ ಮುಖ ನೋಡಿದರು. ತಡೆಯುವವರು ಯಾರು ಎಂದು ಅತ್ತೆ ಮತ್ತೆ ಕಲ್ಲು ಎತ್ತಿಕೊಂಡರು.

ಬೆಳಕು ಹರಿಯುವಾಗ ಹೊರಟೆವು. ಅಂಗಳ ಗುಡಿಸಿದೆ. ತೆಂಗಿನ ಬುಡಕ್ಕೆ ಚೊಂಬಿನಿಂದ ಸಿಹಿನೀರು ಹೊಯ್ದೆ, ಕಡಲು ಅದನ್ನು ಆಗಲೇ ಒರೆಸಿಕೊಂಡು ಹೋಯಿತು. ನಾಳೆ ಬರುತ್ತೇನೆ ಎಂದು ಅವಳಿಗೆ ಹೇಳಿದೆ. ಹಮ್ಮಣ್ಣ ಬೆತ್ತದ ಕುರ್ಚಿಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಅದರಲ್ಲಿ ತಾಯಿಯನ್ನು ಕೂರಿಸಿಕೊಂಡರು, ಮುಖ ಹಿಂದಕ್ಕೆ. ಹಿಂದೆ ಬರುವವಳು ನಾನು. ಹಾಗಾಗಿ ಗುಡ್ಡದ ಬುಡದಿಂದ ತುದಿಯವರೆಗೆ ಅತ್ತೆ ಸೊಸೆ ಮುಖಕ್ಕೆ ಮುಖ ಕೊಟ್ಟುಕೊಂಡೇ ಹತ್ತಿದೆವು. ಮನೆಯಲ್ಲಿ ಅಷ್ಟು ಹೊತ್ತು ನಾವು ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ.

ತೆಂಗು ಮುಗಿದು ಬಾಳೆ, ಬಾಳೆ ಮುಗಿದು ಲವಂಗ, ಲವಂಗದ ಘಾಟಿಗೆ ಅತ್ತೆ ಸೀನಿದರು. ತೋಡುಗಳು ಎಲ್ಲೆಲ್ಲೂ ಹಾಲು ಉಕ್ಕಿದ ಹಾಗೆ ಕಲ್ಲಿನಿಂದ ಕಲ್ಲಿಗೆ ಬೀಳುತ್ತಿದ್ದವು. ಕಾಫಿಯ ಮಟ್ಟದಲ್ಲಿ ಮಕ್ಕಳಿಬ್ಬರೂ ದಾರಿಗೆ ಬಂದು ನಿಂತಿದ್ದರು. ದೊಡ್ಡವನು ಅಜ್ಜಿಯನ್ನು ತಾನು ಹೊರುತ್ತೇನೆ ಎಂದ, ಅತ್ತೆ ಒಪ್ಪಲಿಲ್ಲ. ಮಗನ ಬೆನ್ನೇ ಅಭ್ಯಾಸವಾಯಿತು ಎಂದರು. ಅಮ್ಮ, ನೀನು ವಾಪಸ್ ಬರ್ತೀಯಂತೆ ಹೌದಾ ಎಂದು ಚಿಕ್ಕವನು ಕೇಳಿದ. ಹೌದು ಎಂದೆ. ಅವನು ನನ್ನ ಮಡಕೆಗೆ ಒಂದು ಹಿಡಿ ಕಟ್ಟಿಗೆಯ ಚೂರು ಹಾಕಿದ, ಕೆಂಡ ಆರಬಾರದೆಂದು.

ಕಿತ್ತಳೆಯ ಮಟ್ಟದಲ್ಲಿ ಒಂದು ಹೆಬ್ಬಂಡೆಯಿದೆ. ಅದು ನಡೆಯುವುದಿಲ್ಲ, ನೆಲ ಅದನ್ನು ಬಳಸಿಕೊಂಡು ಹೋಗುತ್ತದೆ. ಅದರ ಪಕ್ಕದಲ್ಲೇ ನಮ್ಮ ಮನೆ ಇದ್ದದ್ದು, ಕುಸುಮ ಹುಟ್ಟಿದಾಗ. ಬಂಡೆಯ ನೆತ್ತಿಯ ಮೇಲೆ ನಾನು ತೊಟ್ಟಿಲ ಬಟ್ಟೆ ಒಣಗಿಸುತ್ತಿದ್ದೆ. ಈಗಲೂ ಅಲ್ಲಿ ತೊಟ್ಟಿಲ ಬಟ್ಟೆ ಒಣಗುತ್ತಿತ್ತು. ಬೇರೆ ಮನೆ, ಬೇರೆ ಅಂಗಳ, ಕೂಸನ್ನು ಸೊಂಟಕ್ಕೇರಿಸಿಕೊಂಡ ಒಬ್ಬಳು ಎಳೆಯ ಹೆಂಗಸು. ನೀರು ಕೊಡುತ್ತಾ ಮನೆ ಎಲ್ಲಿಗೆ ಬಂತು ಎಂದು ಕೇಳಿದಳು. ಮುಟ್ಟಿತು ಎಂದರು ಹಮ್ಮಣ್ಣ. ಅವಳು ಒಳಗೆ ಹೋಗಿ ಮಡಿಲು ತುಂಬ ಕಿತ್ತಳೆ ತಂದು ನನ್ನ ಸೆರಗಿಗೆ ಸುರಿದಳು. ಅಲ್ಲಿಂದ ತಿರುಗಿ ನೋಡಿದರೆ ಗುಡ್ಡದ ಮೈಯೆಲ್ಲ ಕಾಣುತ್ತದೆ. ಸಾವಿರ ಮಾಡುಗಳು, ತೋಟಗಳು, ಹೊಗೆ, ದನಗಳು, ಎಲ್ಲವೂ ಕಡಲಿನ ಕಡೆ ಮುಖ ಮಾಡಿ ಇಳಿಯುತ್ತಿವೆ. ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ, ಆದರೆ ಗೊತ್ತಾಗುತ್ತದೆ. ಆಚೆ ಬಿಳಿ ನೊರೆಯ ಅಂಚು, ಅದರಾಚೆ ನಮ್ಮ ದೇಶದ ಉಳಿದ ದ್ವೀಪಗಳು ಸಾಲಾಗಿ, ಪ್ರತಿಯೊಂದರ ತಲೆಗೂ ಒಂದೊಂದು ಮೋಡ. ನಾನು ಇಷ್ಟು ದೊಡ್ಡದರ ಮೇಲೆ ಕೂತು ಅಡುಗೆ ಮಾಡುತ್ತಿದ್ದೆನೇ ಎಂದು ಬೆರಗಾಯಿತು. ಅದೇ ಹೊತ್ತಿಗೆ ಆ ಅಂಚಿನಲ್ಲಿ ನಮ್ಮ ತೆಂಗನ್ನು ಹುಡುಕಿದೆ. ಸಿಗಲಿಲ್ಲ.

ಆಮೇಲೆ ಮರಗಳು ಕುಳ್ಳಗಾದವು, ಅವುಗಳ ಮೈಗೆ ಪಾಚಿ ಬೆಳೆದು ಗಡ್ಡದ ಹಾಗೆ ಇಳಿಬಿದ್ದಿತ್ತು. ಮೋಡದೊಳಗೆ ಹೊಕ್ಕಾಗ ಅತ್ತೆಯ ಮುಖ ಒಂದೇ ಕಾಣುತ್ತಿತ್ತು. ಅವರ ತುಟಿ ನೀಲಿಯಾಯಿತು, ಹಲ್ಲು ಕಟಕಟ ಎಂದಿತು. ನಾನು ಮಡಕೆಯನ್ನು ಅವರ ಕೈಗಳ ಕೆಳಗೆ ಹಿಡಿದುಕೊಂಡೇ ನಡೆದೆ. ಹಾಗೆ ಹಿಡಿದರೆ ಕಾಲಿಗೆ ದಾರಿ ಕಾಣುವುದಿಲ್ಲ, ಎರಡು ಸಲ ಮುಗ್ಗರಿಸಿದೆ. ನೆಟ್ಟಗೆ ನಡಿ, ನನ್ನ ಸೀರೆ ಸುಡ್ತೀಯ ಎಂದು ಗದರಿದರು. ಜೀವ ಗಟ್ಟಿಯಿದೆ ಎಂದು ಸಮಾಧಾನವಾಯಿತು. ಸಂಜೆಯಾಗುವಾಗ ಹತ್ತಿ ಬಂದವರಿಗೆಂದೇ ಕಟ್ಟಿದ ಕಲ್ಲಿನ ಗುಡಿಸಲು ಸಿಕ್ಕಿತು. ಬೇಳೆ ಬೇಯುವುದಕ್ಕೇ ಅಲ್ಲಿ ಯುಗ ಹಿಡಿಯಿತು. ಅರೆಬೆಂದದ್ದನ್ನೇ ಉಂಡು ಮೂವರೂ ಒಂದೇ ಕಂಬಳಿಯೊಳಗೆ ಮಲಗಿದೆವು.

ಬೆಳಗಿನ ಜಾವ ನೆಲದೊಳಗಿನಿಂದ ಒಂದು ಸದ್ದು ಬಂದು ಎಚ್ಚರವಾಯಿತು. ಅತ್ತೆ ಆಗಲೇ ಎದ್ದು ಕೂತಿದ್ದರು. ಮಗ ಮಲಗಲಿ, ಅವನಿಗೆ ಬೆನ್ನು ನೋಯುತ್ತದೆ, ನೀನೇ ನನ್ನನ್ನು ಎತ್ತಿಕೊಂಡು ಹೋಗು ಎಂದರು. ಇಷ್ಟು ವರ್ಷಗಳಲ್ಲಿ ನಾನು ಅವರ ಕಾಲು ಮುಟ್ಟಿದ್ದೇನೆ, ಮೈ ಮುಟ್ಟಿರಲಿಲ್ಲ. ಬೆನ್ನ ಮೇಲೆ ಹೊತ್ತುಕೊಂಡೆ. ಎಷ್ಟು ಹಗುರ ಆ ಜೀವ. ಸದ್ದು ಬಂದ ಕಡೆಗೆ ನಡೆದೆ.

ಕರಿಬಂಡೆಯ ಗೋಡೆಯೊಂದು ಮೋಡದೊಳಕ್ಕೆ ಎದ್ದು ಹೋಗಿತ್ತು. ಅದರ ಬುಡದಿಂದ, ಬೀಸುಕಲ್ಲಿನ ಬಾಯಿಯಿಂದ ಹಿಟ್ಟು ಬರುವ ಹಾಗೆ, ನೆಲ ಬರುತ್ತಿತ್ತು. ಹಸಿ ಹಸಿ, ಕಪ್ಪು, ಮೈಯಿಂದ ಹಬೆ ಏಳುತ್ತಾ, ಸಂದುಸಂದಿನಲ್ಲಿ ನೀರು ಬಸಿಯುತ್ತಾ. ಮೊದಲು ನನ್ನ ಮೂಗಿಗೆ ಗೊತ್ತಾಯಿತು. ಮೋಡದೊಳಗೆ, ಕಡಲಿನಿಂದ ಅಷ್ಟು ಎತ್ತರದ ಆ ಚಳಿಯಲ್ಲಿ, ಇಳಿತದ ಹೊತ್ತಿನ ಕಡಲಿನ ವಾಸನೆ. ಮಣ್ಣಿನ ತುಂಬ ಚಿಪ್ಪುಗಳು, ಹವಳದ ಕೊಂಬೆಗಳು, ಒಂದು ಏಡಿಯ ಓಡು. ಅವುಗಳ ಹಿಂದೆಯೇ ಒಂದು ಮೋಟುಗೋಡೆ ಹೊರಬಂತು. ಗೋಡೆಯ ನಡುವೆ ಒಂದು ಹೊಸಿಲು, ಹೊಸಿಲಿನ ಮುಂದೆ ಚೊಕ್ಕ ಮಟ್ಟಸವಾದ ಒಂದು ಅಂಗಳ. ಹೋದದ್ದು ಮೇಲೆ ಬರುತ್ತದೆ ಎಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಕೇಳಿದ್ದೆ. ಮಗು ಸತ್ತ ಮನೆಗೆ ಬಂದವರು ಹೇಳುವ ಹತ್ತು ಮಾತುಗಳಲ್ಲಿ ಇದೂ ಒಂದು ಎಂದುಕೊಂಡಿದ್ದೆ. ಕಣ್ಣಾರೆ ಕಂಡಾಗ ಕೈಮುಗಿಯಬೇಕೆಂದರೂ ಆಗಲಿಲ್ಲ, ಕೈಗಳು ಹಿಂದೆ ಅತ್ತೆಯನ್ನು ಹಿಡಿದುಕೊಂಡಿದ್ದವು.

ಅವರನ್ನು ಒಂದು ಕಲ್ಲಿನ ಮೇಲೆ ಕೂರಿಸಿದೆ. ಅವರು ನನ್ನನ್ನು ನೋಡದೆ, ಬರುತ್ತಿದ್ದ ನೆಲವನ್ನೇ ನೋಡುತ್ತಾ ಹೇಳಿದರು. ಅವರು ಪುಟ್ಟ ಹುಡುಗಿಯಾಗಿದ್ದಾಗ ಅವರ ತಾಯಿ ಅವರನ್ನು ಸೊಂಟದಲ್ಲಿ ಕೂರಿಸಿಕೊಂಡು ಇಲ್ಲಿಗೆ ಬಂದದ್ದು. ತೀರಿಹೋದ ಅಣ್ಣನೊಬ್ಬ ಕೆಳಗೆ ಅಂಗಳದ ಮಣ್ಣಿನಲ್ಲಿ ಉಳಿದಿದ್ದ. ತಾಯಿಯೂ ಹತ್ತುವುದಿಲ್ಲ ಎಂದೇ ಕೂತಿದ್ದರಂತೆ, ಎಳೆದುಕೊಂಡು ಬಂದರಂತೆ. ಇಲ್ಲಿ ಬಂದು ಈ ಮಣ್ಣು ಕಂಡವರೇ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರಂತೆ. ನಾನು ಬಗ್ಗಿ ಒಂದು ಚಿಟಿಕೆ ತೆಗೆದು ನಾಲಗೆಗಿಟ್ಟೆ. ಉಪ್ಪು. ನಮ್ಮ ಹಿತ್ತಲಿನದೇ ಉಪ್ಪು.

"ಕುಸುಮ ಇಲ್ಲಿ ಬರುವಾಗ ನಾನು ಇರ್ತೇನಾ ಅತ್ತೆ?"

"ಇಲ್ಲ. ನೀನೂ ಇಲ್ಲ, ನಿನ್ನ ಮೊಮ್ಮಕ್ಕಳೂ ಇಲ್ಲ."

ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿಯಲ್ಲ ಅವರು. ಹಾಗಾದರೆ ಅವಳನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವಷ್ಟರಲ್ಲಿ ನನಗೆ ಅಳು ಬಂತು. ತಡೆಯಲಿಲ್ಲ. ಮಗು ಹೋದ ದಿನವೂ ಹಾಗೆ ಅತ್ತಿರಲಿಲ್ಲವೇನೋ. ಅತ್ತೆ ಅಳಲು ಬಿಟ್ಟರು. ಆಮೇಲೆ ಆ ಹೊಸಿಲಿನ ಕಡೆ ಕೈ ತೋರಿಸಿದರು.

"ಇದು ಯಾರ ಮನೆದು, ಹೇಳು."

"ನಂಗೆ ಹ್ಯಾಗೆ ಗೊತ್ತು?"

"ಯಾರೋ ಅತ್ತು ಬಿಟ್ಟು ಹೋದದ್ದೇ ಇದು. ನಿನ್ನ ಹಾಗೇ. ಈಗ ಒಂದೇ ಬಂದು ನಿಂತಿದೆ ನೋಡು, ಚಳಿಯಲ್ಲಿ. ನೋಡ್ಕೊಳ್ಳುವವರು ಯಾರು ಇದನ್ನು?"

ಅಷ್ಟರಲ್ಲಿ ಹಮ್ಮಣ್ಣ ಮಡಕೆ ಹಿಡಿದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ಬುತ್ತಿಯ ಗಂಟಿತ್ತು. ನಾನು ಇಳಿದು ಹೋಗುವಾಗ ದಾರಿಗೆ ಬೇಕಾಗುತ್ತದೆ ಎಂದು ರಾತ್ರಿಯೇ ಕಟ್ಟಿಟ್ಟಿದ್ದರಂತೆ. ತಡೆಯುವುದಿಲ್ಲ ಎಂದು ಕೊಟ್ಟ ಮಾತನ್ನು ಉಳಿಸಿಕೊಂಡರು ಪುಣ್ಯಾತ್ಮ, ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. ಬುತ್ತಿಯನ್ನು ಅತ್ತೆಯ ಮಡಿಲಲ್ಲಿಟ್ಟೆ, ತಿನ್ನಿ ಎಂದೆ. ಗಂಡನಿಂದ ಕತ್ತಿ ಕೇಳಿ ತೆಗೆದುಕೊಂಡು ಹೊಸಿಲಿಗೆ ಅಂಟಿದ್ದ ಚಿಪ್ಪುಗಳನ್ನು ಕೆರೆದೆ, ತೋಡಿನ ಸಿಹಿನೀರು ತಂದು ತೊಳೆದೆ, ಬಲಗಾಲಿಟ್ಟು ದಾಟಿ ಒಳಗೆ ಬೆಂಕಿ ಇಟ್ಟೆ. ಪಾಚಿಗಡ್ಡದ ಮರದಿಂದ ಒಂದು ಸೊಪ್ಪಿನ ಕಟ್ಟು ಮಾಡಿಕೊಂಡು ಅಂಗಳಕ್ಕೆ ಬಂದೆ. ಯಾವ ಮೂಲೆಯಲ್ಲಿ ಯಾರಿದ್ದಾರೋ ನನಗೆ ಗೊತ್ತಿರಲಿಲ್ಲ. ಅದಕ್ಕೇ ಎಲ್ಲ ಮೂಲೆಗೂ ಒಂದೊಂದು ಚೊಂಬು ನೀರು ಹೊಯ್ದೆ. ಆಮೇಲೆ ಗುಡಿಸಿದೆ, ಮಲಗಿದ ಕೂಸು ಏಳದ ಹಾಗೆ, ಮೆಲ್ಲಗೆ.